ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮೊದಲು ಇಷ್ಟು ನೋಡಿ

ಕಾರು ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಕೀ ತಿರುಗಿಸುತ್ತಲೇ ಇರುತ್ತಾರೆ, ಇಲ್ಲವೇ ಹೊಸ ಬ್ಯಾಟರಿ ತರಲು ಓಡುತ್ತಾರೆ. ಹೊಸ ಬ್ಯಾಟರಿ ಹಾಕಿಸಿ ಸ್ವಲ್ಪ ದಿನಕ್ಕೇ ಅದೇ ಕಾರು ಮತ್ತೆ ಮುಷ್ಕರ ಹೂಡುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಬ್ಯಾಟರಿಯಲ್ಲಿ ತೊಂದರೆಯೇ ಇರುವುದಿಲ್ಲ. ತೊಂದರೆ ಇರುವುದು ಅದಕ್ಕೆ ಕೇಬಲ್ ಬಿಗಿಯುವ ಕ್ಲಾಂಪಿನಲ್ಲಿ, ಇಲ್ಲವೇ ಅದರ ನೆಗೆಟಿವ್ ಕಡೆಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಕೇಬಲ್ಲಿನಲ್ಲಿ. ಬ್ಯಾಟರಿ ಬದಲಿಸುವಾಗ ಕ್ಲಾಂಪ್ ಬಿಚ್ಚಿ ಹಾಕಿದ್ದರಿಂದ ತಾತ್ಕಾಲಿಕವಾಗಿ ಸರಿಹೋಗಿರುತ್ತದೆ, ಅಷ್ಟೇ.

ಹಾಗಾಗಿ ಯಾವುದೇ ಬಿಡಿಭಾಗ ಕೊಳ್ಳುವ ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ದುಬಾರಿಯದ್ದು ಬೇಕಿಲ್ಲ. ವೋಲ್ಟ್ ಅನ್ನು ಎರಡು ದಶಾಂಶದವರೆಗೆ ತೋರಿಸಿದರೆ ಸಾಕು. ಹಸಿರು, ಕೆಂಪು ದೀಪ ಮಾತ್ರ ಹೊತ್ತುವ ಬ್ಯಾಟರಿ ಟೆಸ್ಟರ್ ಬೇಡ. ಅದು ನಿಮಗೆ ಬೇಕಾದ ಅಂಕಿಯನ್ನೇ ಹೇಳುವುದಿಲ್ಲ.

ಮೊದಲು ಕಿವಿಗೊಟ್ಟು ಕೇಳಿ

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ರೇಡಿಯೋ, ಫ್ಯಾನ್ ಎಲ್ಲ ಬಂದ್ ಮಾಡಿ ಒಂದೇ ಒಂದು ಸಲ ಕೀ ತಿರುಗಿಸಿ. ಏನು ಕೇಳಿಸಿತು?

‘ಟಕಟಕಟಕ’ ಎಂದು ಬಿಡದೆ ಹೊಡೆದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಜೋಡಣೆ ಸಡಿಲವಾಗಿದೆ. ಒಂದೇ ಒಂದು ‘ಟಕ್’ ಬಂದು ಸುಮ್ಮನಾದರೆ ಜೋಡಣೆಯನ್ನೂ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರನ್ನೂ (ಇದನ್ನೇ ಸೆಲ್ಫ್ ಅನ್ನುವುದು) ಅನುಮಾನಿಸಿ. ಡ್ಯಾಶ್‌ಬೋರ್ಡ್ ದೀಪಗಳು ಚೆನ್ನಾಗಿ ಹೊತ್ತಿದ್ದು ಏನೂ ಸದ್ದಿಲ್ಲ ಎಂದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ ನೋಡಿ. ಆಟೋಮ್ಯಾಟಿಕ್ ಆದರೆ ಪಾರ್ಕ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿ ಪ್ರಯತ್ನಿಸಿ. ಅಲ್ಲಿನ ಸುರಕ್ಷತಾ ಸ್ವಿಚ್ ಕೈಕೊಟ್ಟಿದ್ದರೂ ಸೆಲ್ಫ್ ಎತ್ತುವುದಿಲ್ಲ. ಎಂದಿನಂತೆ ಸೆಲ್ಫ್ ತಿರುಗುತ್ತಿದೆ, ಆದರೆ ಎಂಜಿನ್ ಹಿಡಿಯುತ್ತಿಲ್ಲ ಎಂದರೆ ಬ್ಯಾಟರಿಯ ಗೋಜು ಬಿಟ್ಟು ಇಂಧನ, ಕಿಡಿಯ ಕಡೆಗೆ ಬನ್ನಿ.

ಎರಡು ಸಂದರ್ಭಗಳಲ್ಲಿ ಕೀ ಮುಟ್ಟಲೇಬೇಡಿ. ಎಂಜಿನ್ ಎಂದಿಗಿಂತ ಹಗುರವಾಗಿ, ಜೋರಾಗಿ, ಒಂದೇ ಸಮನೆ ಸುಯ್ಯೆಂದು ತಿರುಗಿದರೆ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಬೆಲ್ಟ್) ತುಂಡಾಗಿರಬಹುದು. ಇನ್ನೂ ತಿರುಗಿಸಿದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ನಿಂತ ನೀರಿನಲ್ಲಿ ಓಡಿಸುವಾಗ ಕಾರು ಆಫ್ ಆಗಿದ್ದರೂ ಅಷ್ಟೇ. ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಎರಡಕ್ಕೂ ಟೋ ಮಾಡಿಸುವುದೇ ದಾರಿ.

ಉಳಿದಂತೆ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ನಡುವೆ ಒಂದೆರಡು ನಿಮಿಷ ಬಿಡಿ. ಇಲ್ಲದಿದ್ದರೆ ಸ್ಟಾರ್ಟರ್ ಕಾದು ಸುಡುತ್ತದೆ. ಆಗ ಒಂದಿದ್ದ ರೋಗ ಎರಡಾಗುತ್ತದೆ.

ಎಲ್ಲರೂ ಎಡವುವ ಜಾಗ

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಾರು ಈಗಷ್ಟೇ ಓಡಿದ್ದರೆ ಒಂದೆರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ. ಮೇಲ್ಮೇಲಿನ ಚಾರ್ಜ್ ಇಳಿದು ನಿಜವಾದ ಅಂಕಿ ಸಿಗುತ್ತದೆ. ಆಮೇಲೆ ಬ್ಯಾಟರಿಯ ಎರಡು ಪೋಸ್ಟ್‌ಗಳಿಗೆ (ಕ್ಲಾಂಪ್ ಕೂರುವ ಸೀಸದ ಗುಬುಟುಗಳಿಗೆ) ಮೀಟರಿನ ಮೊನೆಗಳನ್ನು ಒತ್ತಿ. ಮಾಮೂಲಿ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ 12.6 ಬಂದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. 12 ಅಥವಾ ಕೆಳಗೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಮಾತು.

ಇಲ್ಲೇ ಜನ ತಪ್ಪುವುದು. 12.6 ನೋಡಿದ ಕೂಡಲೇ ‘ಬ್ಯಾಟರಿ ಸರಿಯಿದೆ, ಹಾಗಾದರೆ ಸ್ಟಾರ್ಟರೇ ಹೋಗಿದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಆ ಅಂಕಿ ಬ್ಯಾಟರಿ ಸುಮ್ನೆ ಕೂತಿದ್ದಾಗಿನದು. ನೀರಿನ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವ ತನಕ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗಲೇ ಬಣ್ಣ ಬಯಲಾಗುತ್ತದೆ ಅಲ್ವಾ? ಇದೂ ಹಾಗೇ. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. 200 ಆಂಪಿಯರ್ ಹರಿಯುವಾಗ ಕ್ಲಾಂಪಿನ ಕಿಲುಬಿನಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲು ತಡೆ ಇದ್ದರೂ 2 ವೋಲ್ಟ್ ಅಲ್ಲೇ ನುಂಗಿಹೋಗುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಸೆಲ್ಫ್ ಹೊಡೆಯುತ್ತಿರುವಾಗಲೇ. ಕೀ ತಿರುಗಿಸಲು ಒಬ್ಬರನ್ನು ಕೂರಿಸಿಕೊಳ್ಳಿ. ತೋಳು, ಕೂದಲು, ಮೀಟರಿನ ವೈರು ಎಲ್ಲವೂ ಫ್ಯಾನು, ಬೆಲ್ಟಿನಿಂದ ದೂರ ಇರಲಿ.

ಮೊದಲ ಅಳತೆ, ಎರಡೂ ಮೊನೆ ಬ್ಯಾಟರಿಯ ಪೋಸ್ಟ್‌ಗಳ ಮೇಲೆ. ಕ್ಲಾಂಪಿನ ಮೇಲಲ್ಲ, ನಡುವೆ ಕಾಣುವ ಸೀಸದ ಗುಬುಟಿನ ಮೇಲೆಯೇ. ಸೆಲ್ಫ್ ಹೊಡೆಯುವಾಗ ಅಂಕಿ 9.6ಕ್ಕಿಂತ ಕೆಳಗೆ ಕುಸಿದರೆ, ಅದೂ ಪೂರ್ತಿ ಚಾರ್ಜ್ ಮಾಡಿದ ಮೇಲೂ ಕುಸಿದರೆ, ಬ್ಯಾಟರಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ತುಂಬಾ ಚಳಿಯಿದ್ದರೆ ಇನ್ನೂ ಸ್ವಲ್ಪ ಇಳಿಯುವುದು ಸಹಜ.

ಎರಡನೇ ಅಳತೆ, ಒಂದು ಮೊನೆ ಪಾಸಿಟಿವ್ ಪೋಸ್ಟಿನ ನಡುವೆ, ಇನ್ನೊಂದು ಅದಕ್ಕೇ ಸಿಕ್ಕಿಸಿದ ಕ್ಲಾಂಪಿನ ಲೋಹದ ಮೇಲೆ. ಎರಡಕ್ಕೂ ಕೂದಲೆಳೆಯ ಅಂತರ, ಆದ್ದರಿಂದ ಮೀಟರ್ ಸೊನ್ನೆ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 0.1 ವೋಲ್ಟ್‌ಗಿಂತ ಜಾಸ್ತಿ ಬಂದರೆ ಕಳ್ಳ ಸಿಕ್ಕಿದ ಹಾಗೆ. ನೆಗೆಟಿವ್ ಕಡೆಯೂ ಇದನ್ನೇ ಮಾಡಿ.

ಮೂರನೆಯದನ್ನು ಮೆಕ್ಯಾನಿಕ್‌ಗಳೂ ಬಿಡುತ್ತಾರೆ. ಒಂದು ಮೊನೆ ನೆಗೆಟಿವ್ ಪೋಸ್ಟಿನ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ. 0.2 ವೋಲ್ಟ್‌ನ ಒಳಗಿರಬೇಕು. ಜಾಸ್ತಿ ಇದ್ದರೆ ಅರ್ಥ್ ಕೇಬಲ್ ಒಳಗೇ ಕೊಳೆತಿದೆ, ಇಲ್ಲವೇ ಅದರ ಬೋಲ್ಟ್ ತುಕ್ಕು ಹಿಡಿದಿದೆ. ಪಾಸಿಟಿವ್ ಪೋಸ್ಟ್‌ನಿಂದ ಸ್ಟಾರ್ಟರಿನ ದಪ್ಪ ಕೇಬಲ್ಲಿನ ಬೋಲ್ಟ್‌ವರೆಗೆ 0.5 ತನಕ ಸರಿ.

ಬ್ಯಾಟರಿ ಕುಸಿಯುತ್ತಿಲ್ಲ, ಕೇಬಲ್‌ಗಳಲ್ಲೂ ಏನೂ ಕಳೆಯುತ್ತಿಲ್ಲ, ಆದರೂ ಒಂದೇ ‘ಟಕ್’ ಎಂದಾದರೆ ಮಾತ್ರ ಸ್ಟಾರ್ಟರ್ ಬಿಚ್ಚಿಸಿ. ಸುತ್ತಿಗೆಯಿಂದ ಸ್ಟಾರ್ಟರಿಗೆ ತಟ್ಟುವ ಉಪಾಯ ಅನೇಕರಿಗೆ ಗೊತ್ತು. ಸವೆದ ಬ್ರಷ್ ಅಲುಗಾಡಿ ಒಂದೆರಡು ಸಲ ನಡೆಯಬಹುದು. ಆದರೆ ಒಳಗೆ ಶಾಶ್ವತ ಆಯಸ್ಕಾಂತ ಇರುವ ಸ್ಟಾರ್ಟರುಗಳಲ್ಲಿ ಏಟಿಗೆ ಆಯಸ್ಕಾಂತವೇ ಬಿರುಕು ಬಿಡುತ್ತದೆ. ನಾನಂತೂ ಮಾಡಬೇಡಿ ಅನ್ನುತ್ತೇನೆ.

ಕ್ಲಾಂಪ್ ತಿಕ್ಕುವ ರೀತಿ

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿಯ ಅನಿಲಕ್ಕೆ ಬೆಂಕಿ ಹತ್ತಬಹುದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಿಳಿ ಅಥವಾ ಹಸಿರು ಪುಡಿ ಇದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒರೆಸಿ. ಬ್ಯಾಟರಿಯ ಮುಚ್ಚಳ ತೆರೆಯುವಂಥದ್ದಾದರೆ ಒಳಗೆ ಒಂದು ಹನಿಯೂ ಹೋಗದಿರಲಿ.

ಪುಡಿ ಕಾಣದಿದ್ದರೂ ಬಿಡಬೇಡಿ. ನಿಜವಾದ ತಡೆ ಕಣ್ಣಿಗೆ ಬೀಳುವುದೇ ಇಲ್ಲ. ಕ್ಲಾಂಪ್ ತೆಗೆದು ಒಳಮೈ ನೋಡಿ. ಮಂಕು ಬೂದು ಬಣ್ಣದ ತೆಳ್ಳನೆಯ ಪೊರೆ ಇರುತ್ತದೆ. ಕ್ಲಾಂಪಿನ ಒಳಗೂ ಪೋಸ್ಟಿನ ಸುತ್ತಲೂ ಸೀಸ ಹೊಳೆಯುವ ತನಕ ವೈರ್ ಬ್ರಷ್ಷಿನಿಂದ ಉಜ್ಜಿ. ಬಿಗಿದ ಮೇಲೆ ಕೈಯಿಂದ ತಿರುಚಿದರೆ ಅಲುಗಾಡಬಾರದು. ಪೆಟ್ರೋಲಿಯಂ ಜೆಲ್ಲಿ ಹಚ್ಚುವುದಾದರೆ ಬಿಗಿದ ಮೇಲೆ, ಹೊರಗಡೆ ಮಾತ್ರ. ಸ್ಕ್ರೂ ಹಾಕಿ ಕೇಬಲ್ ಕಚ್ಚಿಸುವ ಅಗ್ಗದ ತಗಡಿನ ಕ್ಲಾಂಪ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಇಂಥ ತೊಂದರೆಗಳು ಹುಟ್ಟುವುದೇ ಅಲ್ಲಿ.

ಸೆಲ್ಫ್ ತಿರುಗುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ

ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರವಿರುವ ದೀಪ ಮಿನುಗುತ್ತಲೇ ಇದ್ದರೆ ಕಾರು ನಿಮ್ಮ ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ತನ್ನಿ. ಬಟನ್ ಸ್ಟಾರ್ಟ್ ಕಾರಿನಲ್ಲಿ ರಿಮೋಟಿನ ಸೆಲ್ ಇಳಿದಿದ್ದರೆ ಹಲವು ಮಾಡೆಲ್‌ಗಳಲ್ಲಿ ರಿಮೋಟನ್ನೇ ಬಟನ್ನಿಗೆ ತಾಗಿಸಿ ಒತ್ತಿದರೆ ಕೆಲಸ ಆಗುತ್ತದೆ.

ಆಮೇಲೆ ಪೆಟ್ರೋಲ್. ಮುಳ್ಳನ್ನು ನಂಬಬೇಡಿ, ಅನುಮಾನವಿದ್ದರೆ ನಾಲ್ಕೈದು ಲೀಟರ್ ಹಾಕಿಯೇ ನೋಡಿ. ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಹೆಚ್ಚಿನ ಕಾರುಗಳಲ್ಲಿ ಎರಡು ಸೆಕೆಂಡು ಪಂಪಿನ ಗುಂಯ್ ಸದ್ದು ಬರುತ್ತದೆ. ಬರದಿದ್ದರೆ ಪಂಪಿನ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಪಂಪಿನ ರಿಲೇ (ಅದಕ್ಕೆ ಕರೆಂಟ್ ಕೊಡುವ ಸ್ವಿಚ್) ತೆಗೆದು ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದನ್ನು ಹಾಕಿ ನೋಡಿ.

ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಮಿಸುಕದಿದ್ದರೆ, ಅಥವಾ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಸೊನ್ನೆ ಬಂದರೆ, ಎಂಜಿನ್ ತಿರುಗುವುದನ್ನು ಆ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಕಾರುಗಳಲ್ಲಿ ಇದು ಸಾಮಾನ್ಯ. ಕಿಡಿ ನೋಡಲು ಪ್ಲಗ್ಗಿನ ವೈರ್ ಕೈಯಲ್ಲಿ ಹಿಡಿಯುವ ಹಳೇ ಪದ್ಧತಿ ಬೇಡ. ಅಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಸ್ಪಾರ್ಕ್ ಟೆಸ್ಟರ್ ಬಳಸಿ.

ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆದರೆ ಎಂಜಿನ್ನಿನೊಳಗೆ ಪೆಟ್ರೋಲ್ ಅತಿಯಾಗಿ ತುಂಬಿದೆ. ಇಂಜೆಕ್ಷನ್ ಇರುವ ಅನೇಕ ಕಾರುಗಳಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಇಂಜೆಕ್ಟರುಗಳು ನಿಂತು ಗಾಳಿ ಮಾತ್ರ ಒಳಹೋಗುತ್ತದೆ. ಎಂಜಿನ್ ಹಿಡಿದ ಕೂಡಲೇ ಕಾಲು ಸಡಿಲಿಸಿ.

ಡೀಸೆಲ್‌ಗೆ ಕಿಡಿಯೇ ಇಲ್ಲ. ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರುವ ತನಕ ಕಾಯಿರಿ. ಟ್ಯಾಂಕ್ ಖಾಲಿಯಾಗಿ ನಿಂತಿದ್ದರೆ ಇಂಧನ ತುಂಬಿ ಲೈನಿನ ಗಾಳಿ ತೆಗೆಯಿರಿ. ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಬೇಡವೇ ಬೇಡ. ಕಾದ ಗ್ಲೋ ಪ್ಲಗ್ಗಿಗೆ ಈಥರ್ ತಾಗಿದರೆ ಒಳಗೆ ಸ್ಫೋಟವೇ ಆಗುತ್ತದೆ.

ಮೆಕ್ಯಾನಿಕ್ ಕರೆಯಲೇಬೇಕಾದರೆ ನೀವು ಬರೆದಿಟ್ಟ ಅಂಕಿಗಳನ್ನು ತೋರಿಸಿ. ಸುಮ್ಮನಿದ್ದಾಗ ಎಷ್ಟು, ಸೆಲ್ಫ್ ಹೊಡೆದಾಗ ಎಷ್ಟು, ಅರ್ಥ್ ಕಡೆ ಎಷ್ಟು, ಪಂಪಿನ ಸದ್ದು ಬಂತೋ ಇಲ್ಲವೋ. ಇವನ್ನು ನೋಡಿಯೂ ‘ಮೊದಲು ಬ್ಯಾಟರಿ ಬದಲಿಸೋಣ’ ಎಂದರೆ ಬೇರೆ ಮೆಕ್ಯಾನಿಕ್ ಹುಡುಕಿ.