ಹಗರಣದ ಬೆನ್ನಿಗೇ ಚುನಾವಣೆ: ಇಲ್ಲದ ದೇಶವೊಂದನ್ನು ತರಗತಿಯಲ್ಲಿ ಕಟ್ಟುವ ಬಗೆ

ರಾಜ್ಯಶಾಸ್ತ್ರದ ತರಗತಿಯಲ್ಲಿ ಅಣಕು ಚುನಾವಣೆ ಮಾಡಿಸುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಸರ್ಕಾರದ ಮೇಲೆ ಭ್ರಷ್ಟಾಚಾರದ ಆರೋಪ ಬಂತು, ಆಡಳಿತ ಪಕ್ಷ ನೆಲಕಚ್ಚಿತು, ಆಟ ಮುಗಿಯಿತು. ನಿಜದಲ್ಲಿ ಹಾಗಾಗುವುದು ಅಪರೂಪ. ಬೊಫೋರ್ಸ್ ಫಿರಂಗಿ ಖರೀದಿಯ ಲಂಚದ ಸುದ್ದಿ ಹೊರಬಿದ್ದದ್ದು 1987ರಲ್ಲಿ. 1989ರ ಚುನಾವಣೆಯಲ್ಲಿ ಕಾಂಗ್ರೆಸ್ ದೆಹಲಿಯ ಗದ್ದುಗೆ ಕಳೆದುಕೊಂಡಿತು, ಆದರೂ 197 ಸ್ಥಾನ ಪಡೆದು ಅತಿ ದೊಡ್ಡ ಪಕ್ಷವಾಗಿಯೇ ಉಳಿಯಿತು. ಕರ್ನಾಟಕದಲ್ಲಂತೂ 28ರಲ್ಲಿ 27 ಅದರ ಪಾಲಾದವು. ಇಲ್ಲಿನ ಮತದಾರರ ಕಣ್ಣಿಗೆ ಬಿದ್ದದ್ದು ಫಿರಂಗಿಗಿಂತ ಹೆಚ್ಚಾಗಿ ಜನತಾ ಪರಿವಾರದ ಒಳಜಗಳ. ಒಂದೇ ಹಗರಣ ಒಂದೊಂದು ಸೀಮೆಯಲ್ಲಿ ಒಂದೊಂದು ಫಲ ಕೊಡಬೇಕು. ಆಟವನ್ನು ಹಾಗೆ ಕಟ್ಟಿ.

ನಲವತ್ತು ವಿದ್ಯಾರ್ಥಿಗಳಿಗೆ ಮೂರು ಗಂಟೆಯ ಎರಡು ಮಧ್ಯಾಹ್ನ ಸಾಕು. 20 ಕ್ಷೇತ್ರ ಮಾಡಿ: ಕರಾವಳಿಗೆ 6, ಬಯಲಿಗೆ 10, ಗುಡ್ಡಗಾಡಿಗೆ 4. ಕ್ಷೇತ್ರಕ್ಕೊಂದು ಹಾಳೆ, ಅದರಲ್ಲಿ ಒಟ್ಟು ಮತದಾರರು, ಕಳೆದ ಬಾರಿ ಯಾರಿಗೆ ಎಷ್ಟು ಮತ, ಗೆದ್ದವರ ಅಂತರ. ಪಕ್ಷಗಳಿಗೆ ಚಿಹ್ನೆಯೇ ಹೆಸರು: ಆಡಳಿತಕ್ಕೆ ಒನಕೆ, ಮುಖ್ಯ ವಿರೋಧ ಪಕ್ಷಕ್ಕೆ ಮೊರ, ಮೂರನೆಯದಕ್ಕೆ ಬುಗುರಿ. ನಿಜವಾದ ಪಕ್ಷದ ಬಣ್ಣ, ಘೋಷಣೆ ಯಾವುದೂ ಹತ್ತಿರ ಸುಳಿಯಬಾರದು. ಸುಳಿದರೆ ಹತ್ತೇ ನಿಮಿಷದಲ್ಲಿ ತರಗತಿ ಮನೆಮನೆಯ ರಾಜಕೀಯಕ್ಕೆ ಇಳಿಯುತ್ತದೆ. ಗುಡ್ಡಗಾಡಿನ ಪ್ರಾಂತೀಯ ಸರ್ಕಾರವನ್ನು ಮೊರದ ಕೈಗೆ ಕೊಟ್ಟುಬಿಡಿ. ಇದರ ಉಪಯೋಗ ಮುಂದೆ ಬರುತ್ತದೆ.

ಹಗರಣವನ್ನು ಕಾಗದದಲ್ಲಿ ತೋರಿಸಿ, ಭಾಷಣದಲ್ಲಿ ಅಲ್ಲ. 'ಸಾವಿರಾರು ಕೋಟಿ ಲೂಟಿ' ಎಂದರೆ ಯಾರ ತಲೆಗೂ ಹತ್ತುವುದಿಲ್ಲ. ಶಾಲಾ ಮಕ್ಕಳ ಸೈಕಲ್ ತೆಗೆದುಕೊಳ್ಳಿ: ಪೇಟೆ ದರ 4,500, ಸರ್ಕಾರ ಕೊಂಡದ್ದು 7,200ಕ್ಕೆ, ಎರಡು ಲಕ್ಷ ಸೈಕಲ್. ವ್ಯತ್ಯಾಸ 54 ಕೋಟಿ. ಐದು ಕಾಗದ ತಯಾರಿಸಿ: ಒಬ್ಬನೇ ಬಿಡ್ಡುದಾರನಿದ್ದ ಟೆಂಡರ್ ಪ್ರಕಟಣೆ, ದರಪಟ್ಟಿ, ಮುಂಗಡ ಪಾವತಿಯ ಆದೇಶ, ಮೂರೇ ತಿಂಗಳಿಗೆ ರಿಮ್ಮು ತುಕ್ಕು ಹಿಡಿದ ಬಗ್ಗೆ ಹೆಡ್‌ಮಾಸ್ತರರ ದೂರು, ಸಚಿವರ ಸಂಬಂಧಿಕರ ಕಂಪನಿಯ ನೋಂದಣಿ ಪತ್ರ. ಐದನ್ನೂ ಒಮ್ಮೆಲೇ ಹೊರಹಾಕಬೇಡಿ. ಕೊನೆಯ ಎರಡನ್ನು ಟಿಕೆಟ್ ಹಂಚಿಕೆ ಮುಗಿದ ಮೇಲೆ ಬಿಡಿ. ಆಗ ಒನಕೆಯವರಿಗೆ ಅಭ್ಯರ್ಥಿ ಬದಲಿಸುವ ದಾರಿ ಇರುವುದಿಲ್ಲ.

ಹಗರಣದ ಜೊತೆ ಬೆಲೆಯೇರಿಕೆಯ ಒಂದು ಚೀಟಿಯೂ ಇರಲಿ. ಮಲೇಷ್ಯಾದಲ್ಲಿ ವನ್‌ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ನಿಧಿಯ ಹಣ ಲೂಟಿಯಾದ ವಿಚಾರ ದೊಡ್ಡದಾಗಿ ಸ್ಫೋಟಿಸಿದ್ದು 2015ರಲ್ಲಿ, ಶೇ 6ರ ಹೊಸ ತೆರಿಗೆ ಜಾರಿಯಾದ ವರ್ಷವೂ ಅದೇ. 2018ರ ಮೇ 9ರಂದು, ಸ್ವಾತಂತ್ರ್ಯ ಬಂದಂದಿನಿಂದ ಆಳಿದ್ದ ಕೂಟ 222ರಲ್ಲಿ 79ಕ್ಕೆ ಇಳಿಯಿತು. ಕಳ್ಳತನ ಮತ್ತು ಖಾಲಿ ಜೇಬು ಎರಡೂ ಒಟ್ಟಿಗೆ ಬಂದರೆ ಮತ ಸರಿಯುತ್ತದೆ.

ಈಗ ಲೆಕ್ಕ. ಬಯಲಿನ ಒಂದು ಕ್ಷೇತ್ರ: ಒಂದು ಲಕ್ಷ ಮತದಾರರು, ಕಳೆದ ಸಲ 70,000 ಮತ ಬಿದ್ದಿತ್ತು. ಒನಕೆ 32,000, ಮೊರ 24,000, ಬುಗುರಿ 10,000, ಉಳಿದವರು 4,000. ಒನಕೆಯ ಮತವನ್ನು ಮಾತ್ರ ನಾಲ್ಕು ಪಾಲು ಮಾಡಿ: ಶೇ 75 ಕದಲುವುದಿಲ್ಲ (24,000), ಶೇ 10 ಮತಗಟ್ಟೆಗೇ ಬರುವುದಿಲ್ಲ (3,200), ಶೇ 8 ಬುಗುರಿಗೆ (2,560), ಶೇ 7 ಮೊರಕ್ಕೆ (2,240). ಮೊರ 26,240ಕ್ಕೆ ಏರಿ 2,240 ಮತಗಳಿಂದ ಗೆಲ್ಲುತ್ತದೆ.

ಅದೇ ಹಾಳೆಯಲ್ಲಿ ಒಂದೇ ಒಂದು ಬದಲಾವಣೆ: ಬುಗುರಿಗೆ ಶೇ 12, ಮೊರಕ್ಕೆ ಶೇ 3. ಮೊರ 24,960, ಒನಕೆ 24,000. ಇಷ್ಟರ ಮೇಲೆ ಟಿಕೆಟ್ ಸಿಗದ ಮೊರದ ಒಬ್ಬ ಬಂಡಾಯಗಾರ ಪಕ್ಷೇತರನಾಗಿ ನಿಂತು ತನ್ನವರ 1,000 ಮತ ಕಿತ್ತುಕೊಂಡ ಅನ್ನಿ. ಮೊರ 23,960. ಕಾಲುಭಾಗ ಮತ ಕಳೆದುಕೊಂಡ ಒನಕೆ 40 ಮತದಲ್ಲಿ ಪಾರು! ಈ ಹಾಳೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಸೀಟು ಹೊಂದಾಣಿಕೆ ಏಕೆ ಬೇಕು ಎಂದು ಪಾಠ ಮಾಡುವ ಅಗತ್ಯವೇ ಇಲ್ಲ.

ಕದಲದವರ ಪಾಲು ಸೀಮೆಗೆ ತಕ್ಕಂತೆ ಬದಲಾಗಲಿ: ಕರಾವಳಿಯಲ್ಲಿ ಶೇ 70, ಬಯಲಲ್ಲಿ 75. ಮೊರದ ಆಡಳಿತ ಜನರಿಗೆ ಸಾಕಾಗಿರುವ ಗುಡ್ಡಗಾಡಿನಲ್ಲಿ 90. ಎಲ್ಲ ಕಡೆ ಒಂದೇ ಅಂಕಿ ಹಾಕುವುದು ಸುಲಭ, ಫಲಿತಾಂಶ ಮಾತ್ರ ಸಪ್ಪೆ. ಪ್ರತಿ ಹಾಳೆಯಲ್ಲೂ ಮನೆಯಲ್ಲೇ ಉಳಿದವರನ್ನು ಸೇರಿಸಿ ಕೂಡಿಸಿ. ಮೊತ್ತ ಆ ಕ್ಷೇತ್ರದಲ್ಲಿ ಕಳೆದ ಸಲ ಬಿದ್ದ ಮತಕ್ಕೆ (ಮೇಲಿನ ಹಾಳೆಯಲ್ಲಿ 70,000) ಸರಿಹೊಂದದಿದ್ದರೆ ಎಲ್ಲೋ ಯಾರದೋ ಮತವನ್ನು ಎರಡು ಸಲ ಎಣಿಸಿದ್ದೀರಿ. ಅತಿ ಸಾಮಾನ್ಯ ತಪ್ಪು ಇದೇ.

ಮತದಾನಕ್ಕೆ ಮುಂಚೆ ಒಂದು ಸಮೀಕ್ಷೆ ಪ್ರಕಟಿಸಿ, ಆದರೆ ಕೊಂಚ ಕೆಡಿಸಿ. ಎರಡು ದಾಳ ಉರುಳಿಸಿ, ಬಂದ ಮೊತ್ತದಿಂದ 7 ಕಳೆದು, ಉಳಿದದ್ದನ್ನು ಒನಕೆಯ ಶೇಕಡಾಂಕಕ್ಕೆ ಕೂಡಿಸಿ. ತಪ್ಪು ಹೆಚ್ಚೆಂದರೆ 5 ಅಂಶ ಆಚೀಚೆ. ನಾನೂರು ಜನರನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲೂ ಸುಮಾರು ಅಷ್ಟೇ ಇರುತ್ತದೆ.

ಸಮಯ ಉಳಿದರೆ ಅದೇ ಕ್ಷೇತ್ರದ ಮೊದಲ ಲೆಕ್ಕವನ್ನು ಏಳು ಸ್ಥಾನದ ಪ್ರಾಂತ ಎಂದುಕೊಂಡು, ಮತಕ್ಕೆ ತಕ್ಕಂತೆ ಸ್ಥಾನ ಕೊಡುವ ಡಿ ಹಾಂಟ್ ಪದ್ಧತಿಯಲ್ಲಿ ಹಂಚಿ. ಸ್ಪೇನ್, ಪೋರ್ಚುಗಲ್‌ಗಳಲ್ಲಿ ಇದೇ ರೂಢಿ. ಪ್ರತಿ ಪಕ್ಷದ ಮತವನ್ನು 1, 2, 3 ಎಂದು ಭಾಗಿಸುತ್ತ ಹೋಗಿ, ಸಿಕ್ಕ ಅಂಕಿಗಳಲ್ಲಿ ದೊಡ್ಡ ಏಳನ್ನು ಆರಿಸಿ. 26,240, 24,000, 13,120, 12,560, 12,000, 8,746, 8,000. ಮೊರ 3, ಒನಕೆ 3, ಬುಗುರಿ 1. ಮೊದಲಿನ ಪದ್ಧತಿಯಲ್ಲಿ ಬರಿಗೈಯಲ್ಲಿ ಹೋಗಿದ್ದ ಬುಗುರಿಯ ಕೈಯಲ್ಲೀಗ ಬೀಗದ ಕೈ.

ಎಣಿಕೆಯನ್ನು ಐದೈದು ಕ್ಷೇತ್ರಗಳ ನಾಲ್ಕು ಸುತ್ತಿನಲ್ಲಿ ಘೋಷಿಸಿ, ಗುಡ್ಡಗಾಡು ಮೊದಲ ಸುತ್ತಿನಲ್ಲಿರಲಿ. ಒನಕೆಯವರು ಪಟಾಕಿಗೆ ಕೈ ಹಾಕುವಷ್ಟರಲ್ಲಿ ಕರಾವಳಿಯ ಹಾಳೆಗಳು ಬರಬೇಕು. ಯಾರಿಗೂ ಬಹುಮತದ 11 ಸ್ಥಾನ ಸಿಗದಿದ್ದರೆ ಮಾತುಕತೆಗೆ 45 ನಿಮಿಷ ಕೊಡಿ. ಬಾಯಿಮಾತಿನ ಬೆಂಬಲ ಲೆಕ್ಕಕ್ಕಿಲ್ಲ: ಯಾವ ಖಾತೆ ಯಾರಿಗೆ, ಸೈಕಲ್ ತನಿಖೆ ಯಾರ ಕೈಗೆ ಎಂಬುದು ಸಹಿ ಸಮೇತ ಒಂದು ಹಾಳೆಯಲ್ಲಿ ಬರಬೇಕು. ಹೊರಗಿನಿಂದ ಬೆಂಬಲಕ್ಕೂ ಅವಕಾಶವಿರಲಿ. 1989ರ ಡಿಸೆಂಬರಿನಲ್ಲಿ ವಿ.ಪಿ. ಸಿಂಗ್ ಸರ್ಕಾರ ನಿಂತದ್ದು ಬಿಜೆಪಿ ಮತ್ತು ಎಡಪಕ್ಷಗಳು ಎರಡೂ ಹೊರಗಿನಿಂದ ಹಿಡಿದುಕೊಂಡದ್ದಕ್ಕೆ, ಬಿದ್ದದ್ದು ಹನ್ನೊಂದು ತಿಂಗಳಿಗೆ. ಹಾಗಾಗಿ ಸಹಿ ಬಿದ್ದ ಕೂಡಲೇ ಗಂಟೆ ಬಾರಿಸಿ ಮನೆಗೆ ಕಳಿಸಬೇಡಿ. ವಿಶ್ವಾಸಮತಕ್ಕೆ ಇನ್ನೊಂದು ಹತ್ತು ನಿಮಿಷ ಇಟ್ಟುಕೊಂಡಿರಿ.