ಬಿಯರ್ ಬದಲು ಮಾಲ್ಟ್ ಪಾನೀಯ: ಮೊದಲು ಲೇಬಲ್ ತಿರುಗಿಸಿ ನೋಡಿ

ಆಲ್ಕೊಹಾಲ್ ಇಲ್ಲದ ಬಿಯರನ್ನೂ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾನೀಯವನ್ನೂ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿರುತ್ತಾರೆ, ಆದರೆ ಇವು ಎರಡು ಬೇರೆ ಜಾತಿ. ಹೈನೆಕೆನ್ 0.0 ಥರದ್ದು ಬಿಯರಿನಂತೆಯೇ ಹುದುಗಿಸಿ, ಆಮೇಲೆ ಆಲ್ಕೊಹಾಲ್ ತೆಗೆದದ್ದು. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಬಾರ್ಬಿಕನ್ ಥರದ್ದು ಸಿಹಿ ಮಾಲ್ಟ್ ಪಾನೀಯ. ಬಿಯರಿನ ಕಹಿಯೇ ಬೇಕೆಂದರೆ ಮೊದಲನೆಯದನ್ನು ಕೊಳ್ಳಿ.

ಸಕ್ಕರೆಯ ಸಾಲು ಬಿಡಬೇಡಿ. 100 ಮಿಲಿಗೆ 10 ಗ್ರಾಂ ಎಂದಿದ್ದರೆ 330 ಮಿಲಿ ಕ್ಯಾನಿನಲ್ಲಿ 33 ಗ್ರಾಂ, ಅಂದರೆ ಎಂಟು ಟೀ ಚಮಚ! ಸಕ್ಕರೆ ಕಾಯಿಲೆ ಇರುವವರಿಗೆ ಇದು ಬಿಯರಿಗೆ ಬದಲಿಯೇ ಅಲ್ಲ. ಬಾರ್ಲಿ ಇರುವುದರಿಂದ ಗ್ಲುಟೆನ್ ಆಗದವರಿಗೂ ಬೇಡ.

‘ನಾನ್ ಆಲ್ಕೊಹಾಲಿಕ್’ ಎಂದಿದ್ದರೂ 0.5% ವರೆಗೆ ಇರಬಹುದು, 0.0 ಎಂದೇ ಹುಡುಕಿ. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ. ಹೊಸದಾಗಿ ಬಿಟ್ಟವರಿಗೆ ಆ ವಾಸನೆಯೊಂದೇ ಸಾಕು, ಹಳೆಯ ಆಸೆ ಕೆರಳಲು. ಅಂಥವರಿಗೆ ಮಸಾಲೆ ಮಜ್ಜಿಗೆಯೋ ನಿಂಬೆ ಸೋಡಾವೋ ಮೇಲು.

ತಣ್ಣಗಾಗಲೆಂದು ಫ್ರೀಜರಿನಲ್ಲಿಟ್ಟು ಮರೆಯಬೇಡಿ. ಆಲ್ಕೊಹಾಲ್ ಇಲ್ಲದ್ದರಿಂದ ಬಿಯರಿಗಿಂತ ಬೇಗ ಹೆಪ್ಪುಗಟ್ಟಿ ಬಾಟಲಿ ಒಡೆಯುತ್ತದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ನಾಲ್ಕೈದು ಗಂಟೆ ಇಟ್ಟರೆ ಸಾಕು. ಹಸಿರು ಬಾಟಲಿಯನ್ನು ಬಿಸಿಲಿಗೆ ಇಡಬೇಡಿ, ಅದಕ್ಕೆ ಕಹಿ ಕೊಡುವ ಹಾಪ್ಸ್ ಹೂವಿನ ಸಾರ ಕೆಟ್ಟು ನಾರುತ್ತದೆ. ಲೋಟ ಓರೆ ಹಿಡಿದು ಅಂಚಿನಗುಂಟ ಸುರಿಯಿರಿ, ಕೊನೆಗೆ ನೆಟ್ಟಗೆ ಮಾಡಿ. ನೊರೆ ತಕ್ಷಣ ಇಳಿದರೆ ಪಾನೀಯದ ತಪ್ಪೇ ಇರಬೇಕೆಂದಿಲ್ಲ. ಲೋಟದಲ್ಲಿ ಜಿಡ್ಡೋ ಸೋಪೋ ಉಳಿದಿದೆಯೇ ನೋಡಿ.