ಗದ್ದೆಯ ಇಲಿಗೆ ರಾತ್ರಿ ಬೋನು: ಗುಂಡು ಹಾರಿಸದೆ ಹಿಡಿಯುವುದು ಹೇಗೆ?

ಮೊಬೈಲಿನಲ್ಲಿ ಓಡಾಡುವ ಒಂದು ಬಗೆಯ ವಿಡಿಯೊ ನೀವೂ ನೋಡಿರಬಹುದು. ಇಂಗ್ಲೆಂಡಿನ ಯಾವುದೋ ಹಳ್ಳಿಯ ದನದ ಕೊಟ್ಟಿಗೆ. ಕತ್ತಲಲ್ಲಿ ಒಬ್ಬ ಏರ್‌ಗನ್ ಹಿಡಿದು ಕೂತಿರುತ್ತಾನೆ. ಅದರ ಮೇಲೆ ಇನ್‌ಫ್ರಾರೆಡ್ ದುರ್ಬೀನು. ಗೋಡೆ ಬದಿ ಹಿಡಿದು ಇಲಿ ಬರುತ್ತದೆ, ಟಪ್ ಅಂತ ಬೀಳುತ್ತದೆ. ಇದನ್ನು ನೋಡಿ ನಮ್ಮ ಕಡೆಯ ಹುಡುಗರಿಗೂ ಆಸೆ ಹುಟ್ಟಿದೆ. ‘ಅಣ್ಣಾ, ಗದ್ದೆಗೆ ನಾವೂ ಒಂದು ತಗೊಂಡ್ರೆ ಹೆಂಗೆ?’

ಅಲ್ಲಿ ಅದು ನಡೆಯುತ್ತದೆ, ಸುಳ್ಳಲ್ಲ. ಚಳಿ ಶುರುವಾದರೆ ಅಲ್ಲಿನ ಕಂದು ಇಲಿ ಹೊಲ ಬಿಟ್ಟು ಕೊಟ್ಟಿಗೆ, ಉಗ್ರಾಣ ಸೇರುತ್ತದೆ. ದನದ ತಿಂಡಿ ಚೆಲ್ಲಿದ ಕಡೆಗೇ ಪ್ರತಿ ರಾತ್ರಿ ಬರುತ್ತದೆ. ಕೆಳಗೆ ಸಿಮೆಂಟ್ ನೆಲ, ಅಡ್ಡಿ ಏನೂ ಇಲ್ಲ, ಚೆನ್ನಾಗಿ ಕಾಣುತ್ತದೆ. ಗುಂಡಿನ ಶಕ್ತಿ ಸುಮಾರು 16 ಜೌಲ್ ಒಳಗಿರುವ ಏರ್‌ರೈಫಲ್‌ಗೆ ಇಂಗ್ಲೆಂಡಿನಲ್ಲಿ ಸರ್ಟಿಫಿಕೇಟ್ ಬೇಕಿಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಮಾತ್ರ 2016ರ ಕೊನೆಯಿಂದ ಅದಕ್ಕೂ ಬೇಕು.

ನಮ್ಮ ಭತ್ತದ ಗದ್ದೆಯ ಕಥೆಯೇ ಬೇರೆ. ಇಲ್ಲಿನ ಕಳ್ಳ ಹೆಚ್ಚಾಗಿ ಹೆಗ್ಗಣ. ಬದುವಿನೊಳಗೆ ಬಿಲ ತೋಡಿ ಕೂರುತ್ತದೆ. ಹೊರಗೆ ಬಂದರೂ ಮೊಣಕಾಲೆತ್ತರದ ಪೈರಿನ ಬುಡದಲ್ಲೇ ಓಡಾಡುತ್ತದೆ. ಎಷ್ಟು ದುಬಾರಿ ದುರ್ಬೀನು ತಂದರೂ ಪೈರಿನ ಒಳಗೆ ಕಾಣುವುದಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ತ್ರೀಫೇಸ್ ಕರೆಂಟು ರಾತ್ರಿ ಹೊತ್ತು ಬಂದರೆ ಪಂಪ್ ಹಾಕಲು, ನೀರು ತಿರುಗಿಸಲು ಜನ ಗದ್ದೆಯಲ್ಲಿ ಇದ್ದೇ ಇರುತ್ತಾರೆ. ಬದುವಿನ ಆಚೆ ಯಾರು ಬಗ್ಗಿ ಮಡೆ ಕಟ್ಟುತ್ತಿದ್ದಾರೋ ಗೊತ್ತಿಲ್ಲದೆ ಗುಂಡು ಹಾರಿಸುವುದು ಹುಚ್ಚುತನ. ಕಾನೂನೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ತೂತು 0.177 ಇಂಚು ಮೀರಿದರೆ ಅಥವಾ ಶಕ್ತಿ 20 ಜೌಲ್ ದಾಟಿದರೆ ಏರ್‌ಗನ್‌ಗೂ ಲೈಸೆನ್ಸ್ ಬೇಕು. ಇನ್ನು ಮಲೆನಾಡಿನವರ ಮನೆಯ ಕೇಪಿನ ಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇರಬಹುದು. ಆದರೆ ಅದು ಹಂದಿ ಬೆದರಿಸುವ ಸಾಮಾನು, ಇಲಿಗಲ್ಲ.

ಹಾಗಾದರೆ ರಾತ್ರಿ ಇಲಿ ಹಿಡಿಯುವುದು ಹೇಗೆ? ಕಾವೇರಿ ಬಯಲಿನ ತಂಜಾವೂರು ಕಡೆಯ ರೈತರು ಬಿದಿರಿನ ಬಿಲ್ಲುಬೋನು ಇಟ್ಟು ಹಿಡಿಯುತ್ತಾರೆ. ನೀರು ನಿಂತ ಗದ್ದೆಯಲ್ಲೂ ನಡೆಯುತ್ತದೆ. ನಿದ್ದೆಗೆಡುವ ಕೆಲಸವಿಲ್ಲ.

ಮೊದಲು ಬಿಲ ಎಣಿಸಿ

ಬೋನು ತರುವ ಮೊದಲು ಇಲಿ ಎಷ್ಟಿದೆ, ಎಲ್ಲಿದೆ ಎಂದು ತಿಳಿಯಬೇಕು. ಇದನ್ನು ಬಿಟ್ಟವರೇ ಜಾಸ್ತಿ. ಸಂಜೆ ಒಂದು ಸುತ್ತು ಹೋಗಿ ಬದು, ಕಾಲುವೆ ಏರಿ, ಹುಲ್ಲಿನ ಮೆದೆಯ ಬುಡ ಎಲ್ಲಾ ನೋಡಿ. ಕಂಡ ಬಿಲಕ್ಕೆಲ್ಲ ಒದ್ದೆ ಮಣ್ಣು ಮೆತ್ತಿ ಮುಚ್ಚಿ. ಮಾರನೇ ಬೆಳಿಗ್ಗೆ ಮತ್ತೆ ಹೋಗಿ. ತೆರೆದುಕೊಂಡ ಬಿಲದಲ್ಲಿ ಇಲಿ ಇದೆ. ಮುಚ್ಚಿದ್ದು ಮುಚ್ಚಿದ ಹಾಗೇ ಇದ್ದರೆ ಅದು ಖಾಲಿ. ತೆರೆದ ಬಿಲದ ಪಕ್ಕ ಒಂದೊಂದು ಕಡ್ಡಿ ನೆಟ್ಟು ಲೆಕ್ಕ ಬರೆದುಕೊಳ್ಳಿ. ಮುಂದೆ ಕೆಲಸ ಎಷ್ಟು ಫಲಿಸಿತು ಎಂದು ನೋಡುವುದಕ್ಕೂ ಈ ಲೆಕ್ಕವೇ ಆಧಾರ.

ಹೆಗ್ಗಣದ ಬಿಲ ಗುರುತಿಸುವುದು ಸುಲಭ. ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಒಳಗಿನಿಂದಲೇ ಮಣ್ಣು ತಳ್ಳಿ ಬಾಯಿ ಮುಚ್ಚಿಕೊಳ್ಳುವ ಚಾಳಿ ಅದಕ್ಕುಂಟು. ಕೊಯ್ಲಿನ ಹೊತ್ತಿಗೆ ಅಂಥ ಬಿಲ ಅಗೆದು ನೋಡಿ: ಒಳಗೊಂದು ಕೋಣೆ, ಅದರ ತುಂಬ ಭತ್ತದ ತೆನೆ. ತಿನ್ನುವುದಕ್ಕಿಂತ ಕೂಡಿಡುವುದೇ ಜಾಸ್ತಿಯೇನೋ ಅನ್ನಿಸುತ್ತದೆ.

ಪೈರಿನಲ್ಲೂ ಗುರುತು ಸಿಗುತ್ತದೆ. ಇಲಿ ಕಡಿದ ತೆಂಡೆ (ಪೈರಿನ ಕವಲು) ಕುಡುಗೋಲಿನಲ್ಲಿ ಓರೆಯಾಗಿ ಕೊಯ್ದ ಹಾಗಿರುತ್ತದೆ. ಅಂಚಿನ ಸಾಲು ಬಿಟ್ಟು ಗದ್ದೆಯ ನಡುವೆ ಕಡಿಯುವುದು ಅದರ ರೂಢಿ. ಹಾಗಾಗಿ ಬದುವಿನ ಮೇಲೆ ನಿಂತು ‘ಏನೂ ಆಗಿಲ್ಲ ಬಿಡಿ’ ಅನ್ನಬೇಡಿ, ಒಳಗಿಳಿಯಿರಿ.

ಹೊಡೆ ಕಟ್ಟುವ ಮೊದಲೇ, ಎಲ್ಲರೂ ಒಟ್ಟಿಗೆ

ನಾಟಿಯಾದ ಮೊದಲ ಒಂದು ತಿಂಗಳು, ಹೆಚ್ಚೆಂದರೆ 40 ದಿನ. ಇಲಿ ಹಿಡಿಯಲು ಸರಿಯಾದ ಹೊತ್ತು ಇದೇ. ಪೈರು ಹೊಡೆ ಕಟ್ಟಿದ ಮೇಲೆ, ಅಂದರೆ ತೆನೆ ಒಳಗೇ ಮೂಡಿದ ಮೇಲೆ, ಹೆಗ್ಗಣಕ್ಕೆ ಹಬ್ಬ. ಹೊಟ್ಟೆ ತುಂಬಿದಂತೆ ಸಂತಾನವೂ ಏರುತ್ತದೆ. ಅದರ ಬಸಿರು ಮೂರು ವಾರದ ಆಸುಪಾಸು, ಒಂದೊಂದು ಸೂಲಿಗೂ ಆರೆಂಟು ಮರಿ. ಅಂದರೆ ನಾಟಿಯ ಹೊತ್ತಿನಲ್ಲಿ ಹಿಡಿದ ಒಂದು ಹೆಣ್ಣಿಲಿ ಕೊಯ್ಲಿನ ಹೊತ್ತಿಗೆ ಒಂದು ಪಾಳ್ಯವೇ ಆಗುತ್ತಿತ್ತು. ಆಗ ಅದರ ಮುಂದೆ ಕಾಳು ತುಂಬಿದ ತೆನೆಯೂ ಇರುತ್ತದೆ, ನಿಮ್ಮ ಬೋನಿನ ತಿಂಡಿಯ ಕಡೆ ಅದು ತಿರುಗಿಯೂ ನೋಡುವುದಿಲ್ಲ.

ಒಬ್ಬರೇ ಬೋನು ಇಟ್ಟರೆ ಕೆಲಸ ಅರ್ಧ. ನಿಮ್ಮ ಗದ್ದೆ ಖಾಲಿಯಾದ ಕೆಲವೇ ದಿನದಲ್ಲಿ ಪಕ್ಕದವರ ಇಲಿ ಬಂದು ಅದೇ ಬಿಲ ಸೇರುತ್ತದೆ. ಒಂದು ತೂಬಿನ ಕೆಳಗಿನ ಗದ್ದೆಯವರೆಲ್ಲ ಕೂತು ಮಾತಾಡಿ, ಒಂದೇ ವಾರದಲ್ಲಿ ಎಲ್ಲ ಕಡೆ ಇಡಿ. ನಾಟಿಗೆ ಮುಯ್ಯಾಳು ಹೋಗುವವರಿಗೆ ಇದೇನು ಹೊಸ ಪದ್ಧತಿಯಲ್ಲ. ಬೀಳು ಬಿಟ್ಟ ಗದ್ದೆ, ಸಾರ್ವಜನಿಕ ಕಾಲುವೆ ಏರಿ ಇವನ್ನೂ ಸೇರಿಸಿಕೊಳ್ಳಿ. ಯಾರದ್ದೂ ಅಲ್ಲದ ಜಾಗದಲ್ಲೇ ಇಲಿ ಜಾಸ್ತಿ.

ಬಿಲ್ಲುಬೋನು ಇಡುವ ಕ್ರಮ

ಬೋನಿನ ಕೆಲಸ ಸರಳ. ಬಿದಿರಿನ ದಬ್ಬೆಯನ್ನು ಬಗ್ಗಿಸಿ ಬಿಲ್ಲು ಮಾಡಿರುತ್ತಾರೆ. ಅದರ ಹುರಿಯನ್ನು ಎಳೆದು ಒಂದು ಸಣ್ಣ ಕಡ್ಡಿಗೆ ಸಿಕ್ಕಿಸಬೇಕು. ತಿಂಡಿ ಇರುವುದು ಆ ಕಡ್ಡಿಯಲ್ಲೇ. ಇಲಿ ತಲೆ ತೂರಿಸಿ ತಿಂಡಿ ಎಳೆದರೆ ಕಡ್ಡಿ ಜಾರುತ್ತದೆ, ಬಿಲ್ಲು ಚಿಮ್ಮುತ್ತದೆ, ಕುತ್ತಿಗೆ ಸಿಕ್ಕಿಕೊಳ್ಳುತ್ತದೆ. ಬಿಲ್ಲು ಬಿಗಿಯಾಗಿದ್ದರೆ ಪ್ರಾಣ ಬೇಗ ಹೋಗುತ್ತದೆ. ಸಡಿಲವಾದರೆ ರಾತ್ರಿಯಿಡೀ ಒದ್ದಾಡುತ್ತದೆ. ಕೊಲ್ಲುವುದೇ ಆದರೆ ನರಳಿಸದೆ ಕೊಲ್ಲಬೇಕು, ಅಲ್ವಾ? ಪ್ರತಿ ಬೋನನ್ನೂ ಒಂದು ಕಡ್ಡಿ ತೂರಿಸಿ ಚಿಮ್ಮಿಸಿ ನೋಡಿಯೇ ಇಡಿ. ಬೆರಳು ತೂರಿಸಬೇಡಿ.

ಎಕರೆಗೆ 30ರಿಂದ 40 ಬೋನು ಬೇಕು. ನಾಲ್ಕೈದು ಇಟ್ಟು ‘ಏನೂ ಪ್ರಯೋಜನ ಆಗ್ಲಿಲ್ಲ’ ಅನ್ನುವವರೇ ಹೆಚ್ಚು. ಗೂಟಕ್ಕೆ ಕಟ್ಟಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಇರಿಸಿ, ನೀರು ತಾಗಬಾರದು. ಸುಮ್ನೆ ಎಲ್ಲೆಂದರಲ್ಲಿ ನೆಡಬೇಡಿ. ಇಲಿ ದಿನಾ ಒಂದೇ ದಾರಿ ಹಿಡಿಯುತ್ತದೆ. ಪೈರಿನ ನಡುವೆ ಹುಲ್ಲು ಮಲಗಿದ ಸಣ್ಣ ಜಾಡು, ಅದರಲ್ಲಿ ಹಿಕ್ಕೆ, ಕೆಸರಲ್ಲಿ ಕಾಲಿನ ಗುರುತು ಇದ್ದರೆ ಅಲ್ಲೇ ಇಡಿ. ಜಾಡು ಸಿಗದಿದ್ದರೆ ಒಂದು ರಾತ್ರಿ ಟಾರ್ಚ್ ಹಿಡಿದು ಬದುವಿನ ಮೇಲೆ ನಿಂತು ನೋಡಬಹುದು. ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಕೆಂಪು ಬೆಳಕು ಇಲಿಯ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಇಂಗ್ಲೆಂಡಿನ ಬೇಟೆಗಾರರಿಂದ ನಾವು ಕಲಿಯಬಹುದಾದ ಉಪಾಯ ಇದೊಂದೇ ಇರಬೇಕು.

ತಿಂಡಿಗೆ ಸುಟ್ಟ ಕೊಬ್ಬರಿ ಚೂರು ಚೆನ್ನ, ಒಣಮೀನೂ ಆಗುತ್ತದೆ. ವಾಸನೆ ದೂರ ಹೋಗಬೇಕು, ಅಷ್ಟೇ. ಇಲಿ ಹೊಸ ವಸ್ತು ಕಂಡರೆ ಅನುಮಾನ ಪಡುವ ಪ್ರಾಣಿ. ಅದಕ್ಕೆ ಮೊದಲ ಎರಡು ರಾತ್ರಿ ಬಿಲ್ಲು ಹೂಡದೆ ಬರೀ ತಿಂಡಿ ಕಟ್ಟಿ ಬಿಡಿ. ತಿಂದು ಹೋಗಲಿ. ಮೂರನೇ ಸಂಜೆ ಕತ್ತಲಾಗುವ ಮೊದಲು ಎಲ್ಲಾ ಬೋನು ಹೂಡಿ. ಬೆಳದಿಂಗಳಿನಲ್ಲಿ ಇಲಿ ಹೊರಗೆ ತಿರುಗುವುದು ಕಡಿಮೆ. ಅಮಾವಾಸ್ಯೆಯ ಆಸುಪಾಸು ಇಟ್ಟರೆ ಒಳ್ಳೆಯದು.

ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲೇ ಹೋಗಿ ನೋಡಿ. ತಡವಾದರೆ ನಾಯಿ, ಕಾಗೆ ಬಂದು ಬೋನು ಸಮೇತ ಎಳೆದೊಯ್ಯುತ್ತವೆ. ಸತ್ತ ಇಲಿಯನ್ನು ಬರಿಗೈಲಿ ಮುಟ್ಟಬೇಡಿ. ಇಲಿಯ ಉಚ್ಚೆಯಿಂದ ಹರಡುವ ಇಲಿ ಜ್ವರ ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೇ ಹೆಚ್ಚು ಅಪಾಯ. ಕಾಲಲ್ಲಿ ಗಾಯವಿದ್ದರೆ ಗಂಬೂಟು ಹಾಕಿ. ಕೆಲಸದ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಡಾಕ್ಟರ ಹತ್ತಿರ ಹೋಗಿ ಗದ್ದೆಯ ಕೆಲಸದ ವಿಷಯ ಮರೆಯದೆ ಹೇಳಿ. ಸತ್ತವನ್ನು ಆಳದ ಗುಂಡಿಯಲ್ಲಿ ಹೂಳಿ, ಕಾಲುವೆಗೆ ಎಸೆಯಬೇಡಿ.

ಬೋನಿಗೆ ಬೀಳದ ಇಲಿಗೆ

ಎಷ್ಟೇ ಬೋನು ಇಟ್ಟರೂ ಬಾರದ ಘಾಟಿಗಳು ಇರುತ್ತವೆ. ಅವುಗಳ ಬಿಲಕ್ಕೆ ಹೊಗೆ ಹಾಕುವುದು ಹಳೆಯ ಪದ್ಧತಿ. ತಳಕ್ಕೆ ತೂತು ಮಾಡಿದ ಮಡಕೆಯಲ್ಲಿ ಹುಲ್ಲು, ಒಣ ಎಲೆ ತುಂಬಿ ಬೆಂಕಿ ಕೊಟ್ಟು, ಬಾಯಿಯನ್ನು ಬಿಲಕ್ಕೆ ಒತ್ತಿ ಹಿಂದಿನಿಂದ ಊದಬೇಕು. ಮೊದಲು ಬೇರೆ ಬಾಯಿಗಳನ್ನೆಲ್ಲ ಮುಚ್ಚಿ. ತೆಳ್ಳಗೆ ಮಣ್ಣು ಮುಚ್ಚಿದ ಒಂದು ಕಳ್ಳದಾರಿ ಇದ್ದೇ ಇರುತ್ತದೆ. ಕೈ ಒಳಗೆ ಹಾಕುವ ಧೈರ್ಯ ಬೇಡ. ಇಲಿಯ ಬಿಲದಲ್ಲಿ ನಾಗರಹಾವು ಇರುವುದು ಮಾಮೂಲು.

ಔಷಧಿ ಕೊನೆಯ ಮಾತು. ಬೇಕೇ ಬೇಕಾದರೆ ಬ್ರೊಮಾಡಿಯೋಲೋನ್ ಎಂಬ ಇಲಿ ಪಾಷಾಣ ನೋಡಿ. ಶೇ 0.25ರ ಪುಡಿ 20 ಗ್ರಾಂ, ಅಡುಗೆ ಎಣ್ಣೆ 20 ಗ್ರಾಂ, ನುಚ್ಚಕ್ಕಿ 960 ಗ್ರಾಂ ಕಲಸಿ, ಸುಮಾರು 15 ಗ್ರಾಂನ ಪೊಟ್ಟಣ ಕಟ್ಟಿ, ಇಲಿ ಇರುವ ಬಿಲದೊಳಗೆ ಮಾತ್ರ ಹಾಕಿ. ಕೋಲಿನಿಂದ ಕಲಸಿ, ಕೈಗವಸು ಇರಲಿ, ಅಡುಗೆಯ ಪಾತ್ರೆ ಬೇಡ. ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಉಳಿದವಕ್ಕೆ ಅನುಮಾನ ಬರುವುದಿಲ್ಲ. ಸತ್ತ ಇಲಿ ತಿಂದ ಗೂಬೆ, ನಾಯಿ, ಬೆಕ್ಕಿಗೂ ಅಪಾಯ. ಆದ್ದರಿಂದ ಹುಡುಕಿ ಹೂಳಲೇಬೇಕು. ಸತು ರಂಜಕದ (ಜಿಂಕ್ ಫಾಸ್ಫೈಡ್ ಎಂಬ ಇಲಿ ಪಾಷಾಣ) ಕರಿ ಪುಡಿಯನ್ನು ಮನೆಯಲ್ಲಿ ತಂದಿಡುವುದು ಬೇಡವೇ ಬೇಡ. ಮಕ್ಕಳ ಕೈಗೆ ಸಿಕ್ಕಿದರೆ ಅದಕ್ಕೆ ಮದ್ದಿಲ್ಲ.

ಬೇಲಿಗೆ ಕರೆಂಟು ಹಾಯಿಸುವ ಮಾತು ಯಾರಾದರೂ ಎತ್ತಿದರೆ ಅಲ್ಲೇ ನಿಲ್ಲಿಸಿ. ಅದು ಅಪರಾಧ. ಇಲಿಗಿಂತ ಮೊದಲು ನೀರು ಹಾಯಿಸಲು ಬಂದವರು ಹೋಗುತ್ತಾರೆ.

ಬದು ಸಣ್ಣದಾಗಲಿ

ಮುಂದಿನ ಬೆಳೆಗೆ ಬದು ಕಡಿಯುವಾಗ ಅಗಲವನ್ನೂ ಎತ್ತರವನ್ನೂ ಒಂದು ಅಡಿಯ ಒಳಗೆ ಇಡಿ. ಅಷ್ಟು ಸಣ್ಣ ಬದುವಿನಲ್ಲಿ ಹೆಗ್ಗಣ ಮನೆ ಕಟ್ಟಲಾರದು. ಮೇಲಿನ ಹುಲ್ಲು ಸವರಿ. ಆಳೆತ್ತರಕ್ಕಿಂತ ಎತ್ತರದ ಗಳುಗಳನ್ನು ನೆಟ್ಟು ತುದಿಗೆ ಅಡ್ಡಪಟ್ಟಿ ಕಟ್ಟಿದರೆ ಕಣಜ ಗೂಬೆ ರಾತ್ರಿ ಅಲ್ಲಿ ಕೂತು ಬೇಟೆಯಾಡುತ್ತದೆ. ಗೂಬೆ ಅಪಶಕುನ ಅನ್ನುವವರು ಅದು ಒಂದು ರಾತ್ರಿಗೆ ಹಿಡಿಯುವ ಇಲಿ ಲೆಕ್ಕ ಹಾಕಲಿ. ಕಾಳು ಹಾಲುಗಟ್ಟಿದಾಗ ಗಳು ಕಿತ್ತುಬಿಡಿ, ಇಲ್ಲವಾದರೆ ಹಗಲು ಗುಬ್ಬಿ, ಗಿಳಿ ಬಂದು ಕೂರುತ್ತವೆ. ಕೇರೆ ಹಾವು ಕಂಡರೆ ಹೊಡೆಯಬೇಡಿ. ಹೊಡೆದರೆ ಕೇಸು, ಬಿಟ್ಟರೆ ಇಲಿ ಕಡಿಮೆ.

ಬೋನು ಎತ್ತಿದ ಎರಡು ವಾರಕ್ಕೆ ಮತ್ತೊಮ್ಮೆ ಸಂಜೆ ಬಿಲ ಮುಚ್ಚಿ, ಬೆಳಿಗ್ಗೆ ಎಣಿಸಿ. ತೆರೆದವು ಮೊದಲಿನ ಲೆಕ್ಕದ ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ಹೊಡೆ ಬರುವುದರೊಳಗೆ ಇನ್ನೊಂದು ಸುತ್ತು ಬೋನು ಇಡಿ.